ತೆಪ್ಪ ಹತ್ತುವ ಮುಂಚೆ

(ರಾಯಚೂರಿನ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)

ನಮ್ಮದು ಎರಡು ಹೊಳೆಗಳ ನಡುವಿನ ನಾಡು. ದೇವದುರ್ಗದ ಕಡೆ ಕೃಷ್ಣಾ ಹೊಳೆ. ಮಾನ್ವಿಯ ಕಡೆ ತುಂಗಭದ್ರಾ ಹೊಳೆ. ಸೇತುವೆ ಇಲ್ಲದ ಕಡೆ ತೆಪ್ಪವೇ ಗತಿ. ಕೆಲವರು ಅದನ್ನು ಹರಿಗೋಲು ಅಂತಾರೆ. ಇವತ್ತು ತೆಪ್ಪದ ಮಾತು ಆಡೋಣ.

ತೆಪ್ಪ ಬಹಳ ಹಳೆಯದು. 1520ರ ಸುಮಾರಿಗೆ ಪೋರ್ಚುಗಲ್ ದೇಶದ ಪಾಯೆಸ್ ಎಂಬ ಪ್ರವಾಸಿ ವಿಜಯನಗರಕ್ಕೆ ಬಂದಿದ್ದ. ಅವನು ನಮ್ಮ ತೆಪ್ಪ ನೋಡಿದ. ಬುಟ್ಟಿಯ ಹಾಗೆ ದುಂಡಗಿವೆ, ಹೊರಗೆ ಚರ್ಮ ಹೊದಿಸಿದ್ದಾರೆ, ಸದಾ ತಿರುಗುತ್ತವೆ ಎಂದು ಬರೆದಿಟ್ಟ. ಈಗ ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು, ಫೈಬರ್ ಬಂದಿವೆ. ತಿರುಗುವುದು ಮಾತ್ರ ನಿಂತಿಲ್ಲ.

ಯಾಕೆ ತಿರುಗುತ್ತದೆ? ಮನೆಯಲ್ಲಿ ಮಾಡಿ ನೋಡ್ರಿ. ಬಕೆಟ್ ನೀರಿನಲ್ಲಿ ಒಂದು ಬಟ್ಟಲು ತೇಲಿಬಿಡಿ. ಬದಿಗೆ ಬೆರಳು ತಾಗಿಸಿ ತಳ್ಳಿ. ಗರಗರ ತಿರುಗುತ್ತದೆ. ಮುಂದಿನ ಅಂಚು ಹಿಡಿದು ಎಳೆಯಿರಿ. ನೆಟ್ಟಗೆ ಬರುತ್ತದೆ.

ಅಂಬಿಗನ ಜಾಣತನವೂ ಇದೇ. ಅವನು ತೆಪ್ಪದ ಮುಂದಿನ ಅಂಚಿಗೆ ಕೂಡುತ್ತಾನೆ. ಹುಟ್ಟನ್ನು ಮುಂದೆ ಚಾಚಿ ನೀರಿಗೆ ಇಳಿಸುತ್ತಾನೆ. ತನ್ನ ಕಡೆಗೆ ಎಳೆಯುತ್ತಾನೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಒಂದೇ ಕಡೆ ಹಾಕಿದರೆ ತೆಪ್ಪ ಸುತ್ತುತ್ತದೆ.

ಹೊಳೆ ನಮ್ಮನ್ನು ಕೆಳಕ್ಕೆ ಎಳೆಯುತ್ತದೆ. ಅದಕ್ಕೇ ತೆಪ್ಪವನ್ನು ಮೊದಲು ದಡದಗುಂಟ ಮೇಲಕ್ಕೆ ಒಯ್ಯುತ್ತಾರೆ. ಅಲ್ಲಿಂದ ಓರೆಯಾಗಿ ದಾಟುತ್ತಾರೆ.

ಈಗ ನಮ್ಮ ಕೆಲಸ ಕೇಳ್ರಿ. ಆ ಬಟ್ಟಲಿನ ಒಂದೇ ಬದಿಗೆ ನಾಲ್ಕು ಹರಳು ಹಾಕಿ. ವಾಲುತ್ತದೆ, ನೀರು ಒಳಗೆ ಬರುತ್ತದೆ. ಸುತ್ತಲೂ ಸಮನಾಗಿ ಹಾಕಿ. ನಿಲ್ಲುತ್ತದೆ. ಆದ್ದರಿಂದ ತೆಪ್ಪದ ತಳದಲ್ಲಿ ಕೂಡಬೇಕು. ಸುತ್ತಲೂ ಸಮನಾಗಿ ಕೂಡಬೇಕು. ಎದ್ದು ನಿಲ್ಲಬಾರದು. ದಡ ಬಂತೆಂದು ಎಲ್ಲರೂ ಒಂದೇ ಕಡೆ ನುಗ್ಗಬಾರದು.

ತೆಪ್ಪಕ್ಕೆ ಎಷ್ಟು ಮಂದಿ ಎಂದು ಅಂಬಿಗರಣ್ಣನನ್ನು ಕೇಳಿ. ತಲೆ ಎಣಿಸಿ. ಎಣಿಕೆ ಈಗ ನಿಮಗೆ ಬರುತ್ತದೆ ಅಲ್ರೀ? ಲೈಫ್ ಜಾಕೆಟ್ ಇದ್ದರೆ ನಾಚದೆ ಹಾಕಿಕೊಳ್ಳಿ. ಮಕ್ಕಳಿಗೆ ಮೊದಲು ಹಾಕಿ.

ಇನ್ನೊಂದು ಮಾತು. ನಮ್ಮೂರಲ್ಲಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ. ಕೃಷ್ಣೆಗೆ ಮೇಲೆ ನಾರಾಯಣಪುರದ ಅಣೆಕಟ್ಟು ಇದೆ. ತುಂಗಭದ್ರೆಗೆ ಹೊಸಪೇಟೆ ಹತ್ತಿರದ ಅಣೆಕಟ್ಟು ಇದೆ. ಅಲ್ಲಿ ಗೇಟು ತೆಗೆದರೆ ಇಲ್ಲಿ ನೀರು ಬರುತ್ತದೆ. ದೇವದುರ್ಗದ ಅಕ್ಕಂದಿರಿಗೆ ಗೊತ್ತು, ಹೂವಿನಹೆಡಗಿ ಸೇತುವೆಯೇ ಎಷ್ಟೋ ಸಲ ಮುಳುಗಿದೆ.

ಇಷ್ಟು ಕ್ಯೂಸೆಕ್ ನೀರು ಬಿಟ್ಟರು ಎಂದು ಪೇಪರಿನಲ್ಲಿ ಬರೆಯುತ್ತಾರೆ. ಒಂದು ಕ್ಯೂಸೆಕ್ ಅಂದರೆ ಒಂದು ಸೆಕೆಂಡಿಗೆ 28 ಲೀಟರ್. ಹೆಚ್ಚು ಕಡಿಮೆ ಎರಡು ಕೊಡ ನೀರು. ಒಂದು ಲಕ್ಷ ಕ್ಯೂಸೆಕ್ ಅಂದರೆ ಒಂದೊಂದು ಸೆಕೆಂಡಿಗೂ ಎರಡು ಲಕ್ಷ ಕೊಡ! ಆ ನೀರಿಗೆ ಯಾವ ಹುಟ್ಟೂ ತಡೆಯುವುದಿಲ್ಲ. ಅದಕ್ಕೇ ಪೇಪರು ಓದಿ. ಪಂಚಾಯಿತಿ ಗೋಡೆಯ ಸೂಚನೆ ಓದಿ. ಓದು ಬಾರದವರಿಗೆ ಓದಿ ಹೇಳಿ.

2020ರ ಆಗಸ್ಟ್ ತಿಂಗಳು. ಕೃಷ್ಣಾ ಹೊಳೆ ತುಂಬಿತ್ತು. ನಮ್ಮ ರಾಯಚೂರು ತಾಲೂಕಿನ ಕುರ್ವಕುರ್ದಾ ನಡುಗಡ್ಡೆಯ ಹತ್ತಿರ ತೆಪ್ಪ ಮಗುಚಿತು. ಅದರಲ್ಲಿ 13 ಮಂದಿ ಇದ್ದರು. 9 ಮಂದಿ ಉಳಿದರು. ನಾಲ್ವರು ನೀರು ಪಾಲಾದರು.

ಆ ಸುದ್ದಿ ಓದಿದಾಗ ನನ್ನ ಎದೆ ಝಲ್ಲೆಂದಿತು. ಯಾಕಂದರೆ ನಾನೂ ಒಮ್ಮೆ ತುಂಬಿದ ತೆಪ್ಪ ಹತ್ತಿದ್ದೆ. ಶಾಲೆಗೆ ಹೊತ್ತಾಗಿತ್ತು. ನೀರು ಅಂಚಿಗೆ ನಾಲ್ಕೇ ಬೆರಳು ಕೆಳಗಿತ್ತು. ನನಗೆ ಅದು ಕಾಣುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಗಂಡಸರ ನಡುವೆ ಹೆಂಗಸು ಹೇಗೆ ಹೇಳುವುದು ಎಂದು ಸುಮ್ಮನೆ ಕೂತೆ. ಪುಣ್ಯಕ್ಕೆ ದಡ ಸೇರಿದೆವು. ಓದು ಕಲಿಸುವ ನನಗೇ ಅವತ್ತು ಮಾತು ಬರಲಿಲ್ಲ!

ನೀವು ಹಾಗೆ ಮಾಡಬ್ಯಾಡ್ರಿ. ಮಂದಿ ಹೆಚ್ಚಾದರೆ "ನಾ ಒಲ್ಲೆ, ಮುಂದಿನ ತೆಪ್ಪಕ್ಕೆ ಬರ್ತೀನಿ" ಅನ್ನಿ. ಹೊಳೆ ಏರಿದ್ದರೆ "ಇವತ್ತು ಬ್ಯಾಡ" ಅನ್ನಿ. ಒಂದು ದಿನದ ಕೂಲಿ ಹೋದರೆ ನಾಳೆ ದುಡಿಯಬಹುದು. ಜೀವ ಹೋದರೆ ಮರಳಿ ಬಾರದು.

ಅಂಬಿಗನ ಕೈಯಲ್ಲಿ ಹುಟ್ಟು ಇರಲಿ. ನಮ್ಮ ಬಾಯಲ್ಲಿ ಮಾತು ಇರಲಿ.