ಪೇಟೆಯ ಮುಖವೂ ಅಂಗಡಿಯ ಫಲಕವೂ

(ಪ್ರತಿಷ್ಠಾ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)

 

ಪುರಾತನವಾದ ಊರುಗಳಲ್ಲಿ ಮನೆ ಕಟ್ಟುವವರಿಗೂ ಅಂಗಡಿ ತೆರೆಯುವವರಿಗೂ ಒಂದು ಪ್ರಶ್ನೆ ಎದುರಾಗುತ್ತದೆ. ಸ್ವಂತ ನಿವೇಶನದಲ್ಲಿ, ಸ್ವಂತ ಹಣದಿಂದ ಕಟ್ಟಿದ ಕಟ್ಟಡಕ್ಕೆ ಯಾವ ಬಣ್ಣ ಬಳಿಯಬೇಕು, ಎಷ್ಟು ಅಂತಸ್ತು ಏರಿಸಬೇಕು, ಬಾಗಿಲ ಮೇಲೆ ಎಷ್ಟು ದೊಡ್ಡ ನಾಮಫಲಕ ಹಾಕಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರ ಯಾರದು? ಒಡೆಯನದೋ ಊರಿನದೋ?

ವ್ಯಾಪಾರಸ್ಥನಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಫಲಕ ಕಾಣದಿದ್ದರೆ ಗಿರಾಕಿ ಬರುವುದಿಲ್ಲ ಎಂಬ ಅಂಜಿಕೆ ಅವನಿಗೆ ಸಹಜ. ಊರಿಗಾದರೋ ಇದು ಮಾನದ ಪ್ರಶ್ನೆ. ಇನ್ನೂರು ಮುನ್ನೂರು ವರ್ಷ ಬಾಳಿದ ಬೀದಿಯೊಂದರ ಮುಖವನ್ನು ಹತ್ತು ವರ್ಷಗಳ ಷಟರುಗಳೂ ಫ್ಲೆಕ್ಸುಗಳೂ ಅಳಿಸಿಬಿಡಬಲ್ಲವು. ಅಳಿಸಿದವರಲ್ಲಿ ಯಾರೂ ದುಷ್ಟರಲ್ಲ. ಒಬ್ಬೊಬ್ಬರೂ ತಮ್ಮ ಪಾಲಿನ ಹತ್ತು ಅಡಿ ಗೋಡೆಯನ್ನು ಮಾತ್ರ ಬದಲಿಸಿದವರು. ಎರಡೂ ಪಕ್ಷಗಳಲ್ಲಿ ನ್ಯಾಯವಿರುವುದರಿಂದಲೇ ಈ ವಿಷಯ ವಿಚಾರಯೋಗ್ಯವಾಗಿದೆ. ಇದನ್ನು ಅನುಭವದಿಂದ ಪರೀಕ್ಷಿಸಿ ನೋಡಿದ ಮೂರು ನಗರಗಳ ವೃತ್ತಾಂತವನ್ನು ತಮ್ಮ ಮುಂದಿಡುವುದೇ ಈ ಭಾಷಣದ ಉದ್ದೇಶ.

ಮೊದಲನೆಯದು ರಾಜಸ್ಥಾನದ ಜಯಪುರ. ಪಂಡಿತ ಟೋಡರಮಲ್ಲರು ಬಾಳಿದ ಊರೆಂದು ಅದರ ಹೆಸರು ಜೈನರಿಗೆ ಚಿರಪರಿಚಿತವಾದುದು. ಸವಾಯಿ ಜಯಸಿಂಹ ಮಹಾರಾಜನು 1727ರಲ್ಲಿ ಈ ನಗರಕ್ಕೆ ಅಸ್ತಿಭಾರ ಹಾಕಿದನು. ವಿದ್ಯಾಧರ ಭಟ್ಟಾಚಾರ್ಯನೆಂಬ ವಂಗದೇಶೀಯ ವಿದ್ವಾಂಸನು ಅದರ ನಕ್ಷೆಯ ಹೊಣೆ ಹೊತ್ತಿದ್ದನು. ಒಂಬತ್ತು ಚೌಕಡಿಗಳು, ಸುಮಾರು 111 ಅಡಿ ಅಗಲದ ರಾಜಬೀದಿಗಳು, ಬೀದಿಗಳು ಕೂಡುವಲ್ಲಿ ವಿಶಾಲವಾದ ಚೌಪಡಗಳು. ರಜಪೂತ ರಾಜಧಾನಿಗಳು ಸಾಮಾನ್ಯವಾಗಿ ಬೆಟ್ಟದ ಕೋಟೆಯೊಳಗೆ ಹುಟ್ಟಿದವು. ಈ ನಗರವು ಬಯಲಿನಲ್ಲಿ ವ್ಯಾಪಾರವನ್ನೇ ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ಹುಟ್ಟಿತು. ದೂರದೂರದಿಂದ ವರ್ತಕರನ್ನು ಆಹ್ವಾನಿಸಿ ನೆಲೆಗೊಳಿಸಲಾಯಿತು. ರತ್ನಪಡಿ ವ್ಯಾಪಾರಿಗಳ ಜೌಹರಿ ಬಾಜಾರು ಇಂದಿಗೂ ಆ ಹೆಸರನ್ನು ಉಳಿಸಿಕೊಂಡಿದೆ.

ಆ ಆಹ್ವಾನದ ಜೊತೆಗೆ ಒಂದು ಕಟ್ಟಳೆಯೂ ಇತ್ತು. ರಾಜಬೀದಿಗೆ ಮುಖಮಾಡಿದ ಭಾಗವು ಒಂದೇ ಸಾಲಿನಲ್ಲಿ, ನಿಯಮಿತವಾದ ಎತ್ತರದಲ್ಲಿ, ಒಂದೇ ಬಗೆಯ ಕಮಾನುಗಳಿಂದ ಕೂಡಿರಬೇಕು. ಅದರ ಹಿಂದೆ ಹವೇಲಿಯೊಳಗೆ ಎಷ್ಟು ಅಂಗಳ, ಎಷ್ಟು ಕೋಣೆ, ಯಾವ ಚಿತ್ರಕಲೆ ಎಂಬುದೆಲ್ಲ ಒಡೆಯನ ಇಚ್ಛೆ. ಒಳಗು ಮನೆಯವನದು, ಹೊರಮುಖ ಬೀದಿಯದು ಎಂಬ ಈ ಒಂದು ವಿಭಾಗದ ಮೇಲೆಯೇ ಜಯಪುರದ ಸೊಬಗೆಲ್ಲ ನಿಂತಿದೆ ಎಂದರೆ ತಪ್ಪಾಗಲಾರದು. ದೇವಾಲಯಗಳೂ ಈ ಕಟ್ಟಳೆಗೆ ಹೊರತಾಗಲಿಲ್ಲ. ಸಿರೇಹ್ ದೇವಡಿ ಬಾಜಾರಿನ ರಾಮಚಂದ್ರ ಮಂದಿರವು ಬೀದಿಯಿಂದ ನೋಡುವವರಿಗೆ ಹವೇಲಿಯಂತೆಯೇ ಕಾಣುತ್ತದೆ; ಮೆಟ್ಟಿಲೇರಿ ಒಳಗೆ ಹೋದವರಿಗೆ ಮಾತ್ರ ಅಂಗಳವೂ ಗರ್ಭಗೃಹವೂ ಗೋಚರಿಸುತ್ತವೆ. ಹಳೆಯ ನಗರದ ಹಲವು ಜೈನ ಮಂದಿರಗಳೂ ಇದೇ ರೂಪವನ್ನು ಧರಿಸಿವೆ. ಭಗವಂತನ ಆಲಯವೇ ಬೀದಿಯ ಮರ್ಯಾದೆಗೆ ಮುಖ ಹೊಂದಿಸಿಕೊಂಡಿರುವಾಗ ಅಂಗಡಿಯವನು ಹೊಂದಿಸಿಕೊಳ್ಳುವುದು ಅಪಮಾನವೆನಿಸಲಾರದು.

1876ರಲ್ಲಿ ಇಂಗ್ಲೆಂಡಿನ ಯುವರಾಜನ ಆಗಮನದ ಸಂದರ್ಭದಲ್ಲಿ ರಾಮಸಿಂಹ ಮಹಾರಾಜನು ಪಟ್ಟಣಕ್ಕೆ ಕೆಮ್ಮಣ್ಣಿನ ಛಾಯೆಯ ಬಣ್ಣ ಬಳಿಸಿದನೆಂಬುದು ಲೋಕಪ್ರಸಿದ್ಧ ಸಂಗತಿ. ಒಬ್ಬ ಅತಿಥಿಗಾಗಿ ಬಳಿದ ಬಣ್ಣವು ಅಲ್ಲಿಯೇ ನಿಂತು ಊರಿಗೆ ಹೆಸರನ್ನೇ ಕೊಟ್ಟಿತು.

ಕನ್ನಡ ನಾಡಿಗೂ ಈ ನಗರಕ್ಕೂ ಇರುವ ಒಂದು ಸಂಬಂಧವನ್ನು ಇಲ್ಲಿ ಸ್ಮರಿಸುವುದು ಉಚಿತ. 1926ರಿಂದ 1941ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದು, ಮೈಸೂರು ಬೆಂಗಳೂರುಗಳ ರಸ್ತೆ ಉದ್ಯಾನಗಳಿಗೆ ಹೊಸ ಕಳೆ ತಂದ ಸರ್ ಮಿರ್ಜಾ ಇಸ್ಮಾಯಿಲ್ ಅವರು 1942ರಿಂದ 1946ರವರೆಗೆ ಜಯಪುರದ ಪ್ರಧಾನ ಮಂತ್ರಿಗಳಾಗಿದ್ದರು. ಹಳೆಯ ಬಾಜಾರುಗಳ ಅಂಗಡಿಗಳ ಮುಂದೆ ಸಾಲಾಗಿ ಕಂಬಗಳ ಮೊಗಸಾಲೆಗಳು ನಿರ್ಮಾಣವಾದುದು ಅವರ ಕಾಲದಲ್ಲಿ. ಮರುಭೂಮಿಯ ಅಂಚಿನ ಆ ಊರಿನಲ್ಲಿ ಬಿಸಿಲಿಗೆ ಬೆಂದು ಬರುವ ಗಿರಾಕಿಗೆ ನೆರಳು ಸಿಕ್ಕಿತು, ವರ್ತಕನಿಗೆ ವ್ಯಾಪಾರ ಸಿಕ್ಕಿತು. ಕೋಟೆಗೋಡೆಯ ಹೊರಗಿನ ಹೆದ್ದಾರಿಯೊಂದು ಇಂದಿಗೂ ಮಿರ್ಜಾ ಇಸ್ಮಾಯಿಲ್ ರಸ್ತೆಯೆಂದೇ ಕರೆಯಲ್ಪಡುತ್ತದೆ.

ಆದರೆ ಈ ಮೊಗಸಾಲೆಗಳ ಮುಂದಿನ ಗತಿ ವ್ಯಾಪಾರಸ್ಥರೆಲ್ಲರೂ ಮನನ ಮಾಡಬೇಕಾದುದು. ಕಾಲಕ್ರಮದಲ್ಲಿ ಒಬ್ಬರು ಸರಕಿನ ಮೂಟೆಯನ್ನು ಹೊರಗಿಟ್ಟರು. ಮತ್ತೊಬ್ಬರು ಗಾಜಿನ ಪೆಟ್ಟಿಗೆಯನ್ನಿಟ್ಟರು. ಮೂರನೆಯವರು ಗೋಡೆಯನ್ನೇ ಎಬ್ಬಿಸಿದರು. ನಡೆಯುವ ಜನ ಬಿಸಿಲಿಗಿಳಿದು ವಾಹನಗಳ ನಡುವೆ ಸಾಗಬೇಕಾಯಿತು. ಕೊನೆಗೆ 2000ದ ಆಸುಪಾಸಿನಲ್ಲಿ ಆಪರೇಷನ್ ಪಿಂಕ್ ಎಂಬ ಹೆಸರಿನ ಕಾರ್ಯಾಚರಣೆ ನಡೆದು ಆ ಒತ್ತುವರಿಗಳನ್ನು ತೆರವು ಮಾಡಲಾಯಿತು. ಪ್ರಾರಂಭದಲ್ಲಿ ಒಬ್ಬ ನೆರೆಯವನ ಮಾತಿನಿಂದ ನಿಲ್ಲಬಹುದಾಗಿದ್ದ ಕಾರ್ಯಕ್ಕೆ ಕಡೆಯಲ್ಲಿ ಸರ್ಕಾರದ ಸುತ್ತಿಗೆ ಬೇಕಾಯಿತು.

ಹಳೆಯ ಪಟ್ಟಣದ ಬಾಜಾರುಗಳಲ್ಲಿ ನಾಮಫಲಕಗಳಿಗೂ ಒಂದು ಸಾಮಾನ್ಯ ರೂಪವಿದೆ: ಬಿಳಿಯ ಪಟ್ಟಿಯ ಮೇಲೆ ಕಪ್ಪು ಅಕ್ಷರ, ಅಂಗಡಿಯ ಸಂಖ್ಯೆ, ಹೆಸರು. ಕೋಟಿ ವ್ಯವಹಾರದ ರತ್ನವರ್ತಕನಿಗೂ ಲಾಕಿನ ಬಳೆ ಮಾರುವವನಿಗೂ ಒಂದೇ ಬಗೆ. ಇದರಿಂದ ಜೌಹರಿ ಬಾಜಾರಿನ ವ್ಯಾಪಾರ ಕುಂದಿತೆಂದು ಹೇಳುವಂತಿಲ್ಲ. ಎಲ್ಲರೂ ಕೂಗಿ ಕರೆಯುವ ಸಂತೆಯಲ್ಲಿ ಯಾರ ಕೂಗೂ ಕೇಳಿಸುವುದಿಲ್ಲ. ನೆರೆಯವನ ಫಲಕ ಆರು ಅಡಿಯಾದರೆ ತನ್ನದು ಎಂಟು ಅಡಿಯಾಗಬೇಕೆಂಬ ಪೈಪೋಟಿಯಲ್ಲಿ ಲಾಭವಾಗುವುದು ಬೋರ್ಡು ಬರೆಯುವವನೊಬ್ಬನಿಗೆ ಮಾತ್ರ. ಎಲ್ಲರ ಫಲಕವೂ ಒಂದೇ ಅಳತೆಯದಾದಲ್ಲಿ ಗಿರಾಕಿ ಸರಕನ್ನೂ ಹೆಸರಿನ ಹಿಂದಿರುವ ನಂಬಿಕೆಯನ್ನೂ ನೋಡಿ ಬರುತ್ತಾನೆ. 2019ರ ಜುಲೈಯಲ್ಲಿ ಯುನೆಸ್ಕೊ ಸಂಸ್ಥೆಯು ಈ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಿಯಮ ಬೇಕೆಂದು ಒಪ್ಪಿದ ಮೇಲೆ ಎರಡನೆಯ ಪ್ರಶ್ನೆ ಹುಟ್ಟುತ್ತದೆ. ಜಯಪುರದಲ್ಲಿ ಕಟ್ಟಳೆ ಮಾಡಿದವನು ಅರಸ. ಅರಸರಿಲ್ಲದ ಕಾಲದಲ್ಲಿ ತೀರ್ಪು ಕೊಡುವವರು ಯಾರು? ಇದಕ್ಕೆ ಉತ್ತರ ಹುಡುಕಿದ ಊರು ಅಮೆರಿಕೆಯ ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ಎಂಬ ಬಂದರು ಪಟ್ಟಣ.

1920ರ ದಶಕದಲ್ಲಿ ಮೋಟಾರು ವಾಹನಗಳು ಹೆಚ್ಚಿದಂತೆ ಅಲ್ಲಿ ಪೆಟ್ರೋಲ್ ಬಂಕುಗಳಿಗಾಗಿ ಹಳೆಯ ಮನೆಗಳನ್ನು ಉರುಳಿಸತೊಡಗಿದರು. ಕೆತ್ತನೆಯ ಮರ, ಕಬ್ಬಿಣದ ಕಟಕಟೆಗಳು ಹೊರ ಊರುಗಳಿಗೆ ಮಾರಾಟವಾಗಿ ಹೋಗುತ್ತಿದ್ದವು. ಸೂಸನ್ ಪ್ರಿಂಗಲ್ ಫ್ರಾಸ್ಟ್ ಎಂಬ ಮಹಿಳೆಯ ಮುಂದಾಳುತನದಲ್ಲಿ 1920ರಲ್ಲಿಯೇ ಹಳೆಯ ಮನೆಗಳ ರಕ್ಷಣೆಗೆ ಒಂದು ಸಂಘ ಸ್ಥಾಪಿತವಾಗಿತ್ತು. 1931ರಲ್ಲಿ ನಗರಸಭೆಯು ಸುಮಾರು 138 ಎಕರೆ ಪ್ರದೇಶವನ್ನು ಐತಿಹಾಸಿಕ ವಿಭಾಗವೆಂದು ಗುರುತಿಸಿ, ಅಲ್ಲಿನ ಕಟ್ಟಡಗಳ ಹೊರರೂಪವನ್ನು ಪರಿಶೀಲಿಸಲು ಸಮಿತಿಯೊಂದನ್ನು ನೇಮಿಸಿತು. ಅಮೆರಿಕೆಯಲ್ಲಿ ಈ ಬಗೆಯ ಕಾನೂನಿಗೆ ಅದೇ ಮೊದಲು. ಆಲ್ಬರ್ಟ್ ಸೈಮನ್ಸ್ ಎಂಬ ಸ್ಥಳೀಯ ವಾಸ್ತುಶಿಲ್ಪಿ ಆ ಸಮಿತಿಯಲ್ಲಿ ನಾಲ್ಕು ದಶಕಗಳಿಗೂ ಮಿಕ್ಕಿ ಸೇವೆ ಸಲ್ಲಿಸಿದರು.

ಸಮಿತಿಯ ಅಧಿಕಾರಕ್ಕೆ ಒಂದು ಸ್ಪಷ್ಟವಾದ ಎಲ್ಲೆಯಿದೆ. ಸಾರ್ವಜನಿಕ ರಸ್ತೆಯಿಂದ ಕಾಣುವ ಭಾಗ ಮಾತ್ರ ಅದರ ವಿಚಾರಣೆಗೆ ಒಳಪಡುತ್ತದೆ. ಮನೆಯೊಳಗೆ ಯಾರು ಏನು ಮಾಡಿಕೊಂಡರೂ ಅದು ಪ್ರಶ್ನಿಸುವುದಿಲ್ಲ. ಜಯಪುರದ ಕಟ್ಟಳೆಯೂ ಈ ಸಮಿತಿಯ ನಿಯಮವೂ ಸಾವಿರಾರು ಮೈಲಿ ದೂರದಲ್ಲಿ, ಎರಡು ಶತಮಾನಗಳ ಅಂತರದಲ್ಲಿ ಒಂದೇ ತತ್ತ್ವಕ್ಕೆ ಬಂದು ಸೇರಿದುದು ಗಮನಾರ್ಹ. ಸಮಿತಿಯ ಸಭೆ ಬಹಿರಂಗವಾಗಿ ನಡೆಯುತ್ತದೆ. ಅರ್ಜಿದಾರನು ತನ್ನ ನಕ್ಷೆಯೊಡನೆ ಬಂದು ಮಾತನಾಡಬಹುದು; ನೆರೆಹೊರೆಯವರೂ ಮಾತನಾಡಬಹುದು. ತೀರ್ಪು ಎಲ್ಲರ ಕಣ್ಣೆದುರಿನಲ್ಲಿ ಹೊರಡುತ್ತದೆ. ಕಚೇರಿಯ ಮುಚ್ಚಿದ ಬಾಗಿಲ ಹಿಂದೆ ಕಡತ ಕೊಳೆಯುವುದಕ್ಕೂ ಇದಕ್ಕೂ ಇರುವ ಅಂತರವನ್ನು ವ್ಯಾಪಾರಸ್ಥರಿಗೆ ವಿವರಿಸಬೇಕಾಗಿಲ್ಲ.

ಪ್ರಾರಂಭದಲ್ಲಿ ಹಳೆಯ ಕಟ್ಟಡವನ್ನು ಕೆಡವದಂತೆ ತಡೆಯುವ ಶಕ್ತಿ ಈ ಸಮಿತಿಗೆ ಇರಲಿಲ್ಲ. ಕೆಡವುವುದನ್ನು ಕೆಲಕಾಲ ಮುಂದೂಡಿಸುವ ಅಧಿಕಾರ 1959ರಲ್ಲಿ ಬಂತು. 1960ರಲ್ಲಿ ಹೆಸರಾಂತ ಚಾರ್ಲ್ಸ್‌ಟನ್ ಹೋಟೆಲಿನ ಕಟ್ಟಡ ನೆಲಸಮವಾಯಿತು. ಪೂರ್ಣವಾಗಿ ನಿರಾಕರಿಸುವ ಅಧಿಕಾರ 1966ರಲ್ಲಿ ದೊರೆಯಿತು. ಬಣ್ಣ ಫಲಕಗಳನ್ನು ವಿಚಾರಿಸುವ ಸಮಿತಿಗೆ ಕಟ್ಟಡವನ್ನೇ ಉಳಿಸುವ ಅಧಿಕಾರ ಕೈಸೇರಲು ಮೂವತ್ತೈದು ವರ್ಷ ಹಿಡಿದವು.

ಈ ವೃತ್ತಾಂತದ ಇನ್ನೊಂದು ಮಗ್ಗುಲನ್ನೂ ಮರೆಮಾಚಬಾರದು. ಹಳೆಯ ಬೀದಿಗಳು ಸುಂದರವಾಗಿ ಉಳಿದಂತೆ ಅಲ್ಲಿನ ಮನೆಗಳ ಬೆಲೆ ಏರಿತು; ಬಾಡಿಗೆಯೂ ತೆರಿಗೆಯೂ ಏರಿದವು. ಅಲ್ಲಿ ತಲೆಮಾರುಗಳಿಂದ ಬಾಳಿದ್ದ ಬಡವರು, ವಿಶೇಷವಾಗಿ ಕರಿಯ ಜನಾಂಗದ ಕುಟುಂಬಗಳು, ಬೇರೆ ಕಡೆಗೆ ಹೋಗಬೇಕಾಯಿತು. ಗೋಡೆಗಳು ಉಳಿದವು, ಗೋಡೆಗಳ ಒಳಗಿದ್ದವರು ಉಳಿಯಲಿಲ್ಲ. ಊರಿನ ಮುಖವನ್ನು ಕಾಪಾಡಲು ಹೊರಟವರು ಊರಿನ ಜನರನ್ನೂ ಕಾಪಾಡಬೇಕೆಂಬ ಪಾಠ ಇದರಲ್ಲಿದೆ.

ಇದರಿಂದ ಮೂರನೆಯ ಪ್ರಶ್ನೆ ಏಳುತ್ತದೆ. ಹಳೆಯದನ್ನು ಉಳಿಸುವ ಖರ್ಚು ಯಾರದು? ತೇಗದ ಕಂಬ ಗೆದ್ದಲು ಹಿಡಿದರೆ ಅದನ್ನು ಬದಲಿಸುವ ಹಣ, ನಾಲ್ಕು ಅಂತಸ್ತು ಏರಿಸಿದ್ದರೆ ಬರಬಹುದಾಗಿದ್ದ ಬಾಡಿಗೆಯ ನಷ್ಟ, ಇವೆರಡನ್ನೂ ಒಡೆಯನೊಬ್ಬನೇ ಹೊರಬೇಕೆಂದರೆ ಅವನು ರಾತ್ರೋರಾತ್ರಿ ಗೋಡೆ ಬೀಳಿಸಿ, ಮಳೆಗೆ ಕುಸಿಯಿತೆಂದು ಹೇಳುವ ದಾರಿಯನ್ನು ಹುಡುಕಿಕೊಳ್ಳುತ್ತಾನೆ. ಕಾನೂನು ಅವನನ್ನು ದಂಡಿಸಬಹುದು, ಕುಸಿದ ಗೋಡೆಯನ್ನು ಮರಳಿ ನಿಲ್ಲಿಸಲಾರದು.

ಈ ವಿಷಯದಲ್ಲಿ ಗುಜರಾತಿನ ಅಹಮದಾಬಾದು ನಗರವು ಒಂದು ಹೊಸ ದಾರಿಯನ್ನು ತುಳಿಯಿತು. 1411ರಲ್ಲಿ ಸ್ಥಾಪಿತವಾದ ಆ ನಗರದ ಕೋಟೆಯೊಳಗೆ ಪೋಳ್ ಎಂದು ಕರೆಯುವ ಓಣಿಗಳಿವೆ. ಒಂದು ಮಹಾದ್ವಾರ, ಒಳಗೆ ಒತ್ತೊತ್ತಾಗಿ ಮರದ ಕೆತ್ತನೆಯ ಮನೆಗಳು, ನಡುವೆ ಪಕ್ಷಿಗಳಿಗೆ ಕಾಳು ಹಾಕುವ ಚಬೂತರ, ಎಷ್ಟೋ ಪೋಳ್‌ಗಳಲ್ಲಿ ಜಿನಾಲಯ. ಜೈನ ವರ್ತಕ ಕುಟುಂಬಗಳು ಅಲ್ಲಿ ಶತಮಾನಗಳಿಂದ ಬಾಳಿವೆ. ಕಾಲಾನಂತರ ಮಕ್ಕಳು ನದಿಯ ಆಚೆಯ ಹೊಸ ಬಡಾವಣೆಗಳಿಗೆ ಹೋದರು. ಮನೆಗಳಿಗೆ ಬೀಗ ಬಿತ್ತು. ಕೆತ್ತನೆಯ ಮರ ಬಿಡಿಬಿಡಿಯಾಗಿ ಮಾರಾಟವಾಗತೊಡಗಿತು.

1996ರಲ್ಲಿ ಅಲ್ಲಿನ ನಗರಪಾಲಿಕೆಯು ಪರಂಪರೆಯ ರಕ್ಷಣೆಗಾಗಿಯೇ ಒಂದು ಪ್ರತ್ಯೇಕ ಘಟಕವನ್ನು ತೆರೆಯಿತು. 1997ರ ನವೆಂಬರಿನಲ್ಲಿ ಹಳೆಯ ಓಣಿಗಳಲ್ಲಿ ಪರಂಪರಾ ನಡಿಗೆಯನ್ನು ಪ್ರಾರಂಭಿಸಲಾಯಿತು. ಯೋಗ್ಯವಾದ ಮನೆಗಳನ್ನು ಗುರುತಿಸಿ ಪಟ್ಟಿ ಮಾಡಲಾಯಿತು. ಮುಂದೆ ಇನ್ನೊಂದು ಉಪಾಯವೂ ಸೇರಿತು. ಪಟ್ಟಿಯಲ್ಲಿರುವ ಮನೆಯ ಮೇಲೆ ಅಂತಸ್ತು ಏರಿಸಲು ಅವಕಾಶವಿಲ್ಲವಷ್ಟೆ. ಹಾಗೆ ಏರಿಸದೆ ಉಳಿದ ನಿರ್ಮಾಣದ ಹಕ್ಕನ್ನು ಒಡೆಯನು ಹೊಸ ಬಡಾವಣೆಯ ಕಟ್ಟಡದಾರನಿಗೆ ಮಾರಬಹುದು. ಕೊಂಡವನು ತನ್ನ ಸ್ಥಳದಲ್ಲಿ ಅಷ್ಟು ಹೆಚ್ಚುವರಿ ಕಟ್ಟಬಹುದು. ಬಂದ ಹಣ ಹಳೆಯ ಮನೆಯ ದುರಸ್ತಿಗೆ ಒದಗಬಹುದು. ಇದಕ್ಕೆ ಅಭಿವೃದ್ಧಿ ಹಕ್ಕು ವರ್ಗಾವಣೆಯೆಂದು ಹೆಸರು. 2017ರಲ್ಲಿ ಅಹಮದಾಬಾದು ಭಾರತದ ಮೊಟ್ಟಮೊದಲ ವಿಶ್ವ ಪರಂಪರೆಯ ನಗರವೆಂದು ಯುನೆಸ್ಕೊದಿಂದ ಮಾನ್ಯತೆ ಪಡೆಯಿತು. ಅಲ್ಲಿ ಎಲ್ಲವೂ ಸರಿಹೋಯಿತೆಂದು ಹೇಳಲಾಗದು. ಬೀಗ ಬಿದ್ದ ಮನೆಗಳು ಇನ್ನೂ ಇವೆ. ಆದರೂ ಊರಿನ ಹೆಮ್ಮೆಯ ಭಾರವನ್ನು ಒಬ್ಬನ ಹೆಗಲಿಗೇ ಹಾಕಬಾರದೆಂಬ ನ್ಯಾಯಬುದ್ಧಿ ಆ ಯೋಜನೆಯಲ್ಲಿದೆ.

ಧರ್ಮಬಂಧುಗಳೇ, ಈ ಮೂರು ನಗರಗಳ ಅನುಭವದಿಂದ ಹೊರಡುವ ಸಾರವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ನಿಯಮವು ಬೀದಿಗೆ ಕಾಣುವ ಮುಖದಲ್ಲಿಯೇ ನಿಲ್ಲಬೇಕು, ಹೊಸ್ತಿಲು ದಾಟಬಾರದು. ಅದು ಮೊದಲೇ ಬರೆದಿಟ್ಟ ಅಳತೆ ಬಣ್ಣಗಳ ನಿಯಮವಾಗಿರಬೇಕು; ಅಧಿಕಾರಿಯ ಆ ದಿನದ ಅಭಿರುಚಿಗೆ ಬಿಟ್ಟದ್ದಾಗಿರಬಾರದು. ತೀರ್ಪು ಕೊಡುವ ಪೀಠದಲ್ಲಿ ಶಿಲ್ಪಶಾಸ್ತ್ರ ಬಲ್ಲವರೊಡನೆ ಆ ಬೀದಿಯ ನಿವಾಸಿಗಳೂ ವರ್ತಕರೂ ಕುಳಿತಿರಬೇಕು. ಸಣ್ಣ ಅಂಗಡಿಯವನ ಫಲಕಕ್ಕೆ ವಾರಗಳಲ್ಲಿ ಉತ್ತರ ಸಿಗಬೇಕು, ವರ್ಷಗಳಲ್ಲಲ್ಲ. ಉಳಿಸುವ ಖರ್ಚಿನಲ್ಲಿ ಊರಿಗೂ ಪಾಲಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ನಿಯಮವು ಪುಸ್ತಕದಲ್ಲಿ ಉಳಿದು ಬೀದಿ ಹಾಳಾಗುತ್ತದೆ.

ಹಳೆಯ ಪೇಟೆಯಿರುವ ಯಾವ ಊರಿನ ವರ್ತಕರಿಗಾದರೂ ಇಲ್ಲಿ ಒಂದು ಕರ್ತವ್ಯವಿದೆ. ಸರ್ಕಾರದ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಒಂದು ಬೀದಿಯ ಹತ್ತು ಅಂಗಡಿಗಳವರು ಒಂದು ಸಂಜೆ ಕುಳಿತು ಫಲಕದ ಉದ್ದಗಲವನ್ನು ಗೊತ್ತುಮಾಡಿಕೊಳ್ಳಬಹುದು. ಕಂಬದ ಕೆತ್ತನೆಯನ್ನು ಮುಚ್ಚಿರುವ ತಗಡನ್ನು ಇಳಿಸಬಹುದು. ಜಗಲಿಯನ್ನು ನಡೆಯುವವರಿಗೆ ಬಿಟ್ಟುಕೊಡಬಹುದು. ತಾವಾಗಿ ಹಾಕಿಕೊಂಡ ಮಿತಿ ಭಾರವೆನಿಸುವುದಿಲ್ಲ. ಹೊರಗಿನವರು ಹೇರಿದ ಮಿತಿ ಸದಾ ಭಾರವೇ. ಜಯಪುರದ ಮೊಗಸಾಲೆಗಳು ಈ ಎರಡರ ನಡುವಣ ವ್ಯತ್ಯಾಸವನ್ನು ತೋರಿಸಿಕೊಟ್ಟಿವೆ.

ಅಂಗಡಿಯ ಹೆಸರು ಮೊಮ್ಮಗನ ಕಾಲಕ್ಕೆ ಬದಲಾಗಬಹುದು, ವ್ಯಾಪಾರವೂ ಬದಲಾಗಬಹುದು. ಆ ಮೊಮ್ಮಗನು ಬಾಗಿಲು ತೆರೆದು ನಿಲ್ಲಬೇಕಾದುದು ಇದೇ ಬೀದಿಯಲ್ಲಿ. ಅವನಿಗೆ ಎಂತಹ ಬೀದಿಯನ್ನು ಬಿಟ್ಟುಹೋಗಬೇಕೆಂಬುದನ್ನು ತಾವೆಲ್ಲರೂ ಆಲೋಚಿಸಬೇಕೆಂದು ವಿನಂತಿ.

ಜಯ ಜಿನೇಂದ್ರ.