ಹಿತ್ತಲ ತೊಟ್ಟಿ ಕಲಿಸಿದ ಲೆಕ್ಕ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಶಿಬಿರದಲ್ಲಿ ಮಹಿಳಾ ಸ್ವಸಹಾಯ ಗುಂಪಿನ ಪರವಾಗಿ ಆಡಿದ ಮಾತುಗಳ ಬರಹರೂಪ)



ಮೈಕಿನ ಮುಂದೆ ನಿಂತು ಮಾತಾಡಿ ನಮಗೆ ಅಭ್ಯಾಸವಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕೆಂದು ಮೊದಲೇ ಕೇಳಿಕೊಳ್ಳುತ್ತೇವೆ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದ ಕಥೆ ನಮಗೆಲ್ಲ ಗೊತ್ತು. ಅಂಥ ದೊಡ್ಡವರ ವಿಷಯ ಹೇಳಲು ಇಲ್ಲಿ ತಿಳಿದವರಿದ್ದಾರೆ. ಸಂಘದ ಸಾಲ ತಗೊಂಡು ಹಿತ್ತಲಲ್ಲಿ ಮೀನು ಮತ್ತು ಸೊಪ್ಪು ತರಕಾರಿ ಒಟ್ಟಿಗೆ ಬೆಳೆಯೋಕೆ ಹೊರಟು ನಾವು ಪಟ್ಟ ಪಾಡನ್ನಷ್ಟೇ ಹೇಳುತ್ತೇವೆ. ಗೆದ್ದದ್ದಕ್ಕಿಂತ ಸೋತದ್ದೇ ಇದರಲ್ಲಿ ಹೆಚ್ಚು. ಸೋತದ್ದನ್ನು ಹೇಳಿದರೇ ಮುಂದೆ ಮಾಡುವವರಿಗೆ ಉಪಯೋಗ ಅಂತ ನಮ್ಮ ಅನಿಸಿಕೆ.

ಇದಕ್ಕೆ ಅಕ್ವಾಪೋನಿಕ್ಸ್ ಅನ್ನುತ್ತಾರೆ. ಹೆಸರು ಬಾಯಿಗೆ ತೊಡಕು, ವಿಷಯ ಸುಲಭ. ಒಂದು ತೊಟ್ಟಿಯಲ್ಲಿ ಮೀನು, ಪಕ್ಕದಲ್ಲಿ ಜಲ್ಲಿ ತುಂಬಿದ ಮಡಿ. ಮೀನಿನ ಕಸ ಸೇರಿದ ನೀರನ್ನು ಪಂಪು ಮಡಿಗೆ ಹಾಯಿಸುತ್ತದೆ. ಗಿಡ ಅದರಲ್ಲಿನ ಸಾರ ಹೀರುತ್ತದೆ, ತಿಳಿಯಾದ ನೀರು ಮತ್ತೆ ತೊಟ್ಟಿಗೆ ಇಳಿಯುತ್ತದೆ. ಮಣ್ಣಿಲ್ಲ, ಗೊಬ್ಬರದ ಮೂಟೆಯಿಲ್ಲ. ಅಮೆರಿಕದ ವರ್ಜಿನ್ ದ್ವೀಪಗಳ ವಿಶ್ವವಿದ್ಯಾನಿಲಯದಲ್ಲಿ ಜೇಮ್ಸ್ ರಾಕೋಸಿ ಎಂಬ ವಿಜ್ಞಾನಿ 1980ರ ದಶಕದಿಂದ ಇದನ್ನು ಬೆಳೆಸಿದರು. ಹಾಗಂತ ಮೀನಿಗೂ ಬೆಳೆಗೂ ನಂಟು ನಮ್ಮ ನಾಡಿಗೆ ಹೊಸದೇನಲ್ಲ. ಕುಮಟಾ ಕಡೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತದ ಜೊತೆ ಮೀನು, ಸೀಗಡಿ ತಲೆತಲಾಂತರದಿಂದ ಬಂದಿವೆ.

ನಾವು ಒಂದೇ ಬೀದಿಯ ಐದು ಜನ ಹೆಂಗಸರು. 2022ರ ದೀಪಾವಳಿ ಕಳೆದ ಮೇಲೆ ಸಂಘದಲ್ಲಿ 25,000 ರೂಪಾಯಿ ಸಾಲ ಪಡೆದು, ಉಳಿದದ್ದು ಕೈಯಿಂದ ಹಾಕಿ, ನಮ್ಮಲ್ಲೊಬ್ಬರ ಹಿತ್ತಲಲ್ಲಿ ತೊಟ್ಟಿ ಕಟ್ಟಿಸಿದೆವು. ಹತ್ತಡಿ ಉದ್ದ, ಆರಡಿ ಅಗಲ, ಮೂರಡಿ ನೀರು. ಅಂದ್ರೆ ಸುಮಾರು 5,000 ಲೀಟರ್. ಪಕ್ಕದಲ್ಲಿ ಎಂಟಡಿಗೆ ಮೂರಡಿಯ ನಾಲ್ಕು ಮಡಿ, ಒಂದಡಿ ಆಳ ಮುಕ್ಕಾಲು ಇಂಚಿನ ಜಲ್ಲಿ.

ಮೊದಲ ಪೆಟ್ಟು ಮೊದಲ ವಾರದಲ್ಲೇ ಬಿತ್ತು. ಗಾರೆ ಒಣಗಿದ ಕೂಡಲೇ ನೀರು ತುಂಬಿ, ಪೂಜೆ ಮಾಡಿ, 150 ಗೆಂಡೆ ಮೀನಿನ ಮರಿ ಬಿಟ್ಟೆವು. ಮೂರನೇ ದಿನ ಬೆಳಿಗ್ಗೆ ನೋಡಿದರೆ ಎಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಮರಿ ಕೊಟ್ಟವರನ್ನು ಬಾಯಿಗೆ ಬಂದಂತೆ ಬೈದೆವು. ಆಮೇಲೆ ಮೀನುಗಾರಿಕೆ ಇಲಾಖೆಯವರೊಬ್ಬರು ಬಂದು ಕೇಳಿದ್ದು ಒಂದೇ ಮಾತು: "ತೊಟ್ಟಿ ಹದ ಮಾಡಿದ್ರೇನಮ್ಮ?" ಹೊಸ ಸಿಮೆಂಟು ಸುಣ್ಣ ಬಿಡುತ್ತದೆ. ನೀರಿನ ಕ್ಷಾರ ಏರಿ ಮೀನಿನ ಕಿವಿರು ಸುಟ್ಟಂತಾಗುತ್ತದೆ. ಅವರು ಹೇಳಿದಂತೆ ಬಾಳೆದಿಂಡು ಕತ್ತರಿಸಿ ಹಾಕಿ, ವಾರಗಟ್ಟಲೆ ನೆನೆಸಿ, ಮೂರು ಸಲ ನೀರು ಬದಲಾಯಿಸಿದೆವು. ಬೈದವರ ಹತ್ತಿರ ಹೋಗಿ ತಪ್ಪೊಪ್ಪಿಕೊಂಡೆವು.

ಎರಡನೆಯದು ಅವಸರದ ಪೆಟ್ಟು. 2023ರ ಬೇಸಿಗೆಯಲ್ಲಿ ಮತ್ತೆ 120 ಮರಿ ಬಿಟ್ಟು, ಎಳೆ ಮಕ್ಕಳಿಗೆ ತಿನ್ನಿಸಿದಂಗೆ ದಿನಕ್ಕೆ ಮೂರು ಸಲ ಫೀಡು ಹಾಕಿದೆವು. ಎರಡು ವಾರಕ್ಕೆ ನೀರು ನಾರಿತು, 24 ಮರಿ ಸತ್ತವು. ಆಗ ತಿಳಿದದ್ದು ಇದು. ಮೀನಿನ ಕಸದಿಂದ ಅಮೋನಿಯ ಹುಟ್ಟುತ್ತದೆ, ಅದು ಮೀನಿಗೆ ವಿಷ. ಜಲ್ಲಿಗೆ ಅಂಟಿ ಬೆಳೆಯುವ ಒಂದು ಜಾತಿ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ಅದು ಗಿಡಕ್ಕೆ ಊಟ. ಈ ಜೀವಾಣು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಹಾಲಿಗೆ ಹೆಪ್ಪು ಹಾಕಿದವರು ಗಳಿಗೆಗೊಮ್ಮೆ ಮುಚ್ಚಳ ತೆಗೆದರೆ ಮೊಸರಾಗುತ್ತಾ? ಹಂಗೇ ಇದು. ಫೀಡು ನಿಲ್ಲಿಸಿ, ಕಾಲುಭಾಗ ನೀರು ಬದಲಿಸಿ, ಕಾದೆವು. ಒಂದೂವರೆ ತಿಂಗಳಿಗೆ ನೀರು ತಿಳಿಯಾಯಿತು, ದಂಟಿನ ಸೊಪ್ಪು ಮೊಳಕಾಲುದ್ದ ಬಂತು.

ಆಗ ಪಕ್ಕದ ಮನೆಯ ಅಜ್ಜಿಯೊಬ್ಬರು, "ಮೀನಿನ ನೀರಿನ ಸೊಪ್ಪು ನಾವು ತಿನ್ನಬಹುದೇನ್ರೇ?" ಅಂದರು. "ಸಗಣಿ ಗೊಬ್ಬರದ ಸೊಪ್ಪು ತಿಂತೀರಲ್ಲ ಅಜ್ಜಿ, ಇದೂ ಗೊಬ್ಬರವೇ" ಅಂದೆವು. ಅಜ್ಜಿ ನಕ್ಕು ಎರಡು ಕಟ್ಟು ಒಯ್ದರು. ಈಗಲೂ ವಾರಕ್ಕೊಮ್ಮೆ ಬರುತ್ತಾರೆ.

2023ರ ಮಳೆಗಾಲ ಕೈಕೊಟ್ಟದ್ದು ನಿಮಗೆ ನೆನಪಿದೆ. ಆ ವರ್ಷ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಸಾರಿತು. ನೀರಿನ ವಿಷಯದಲ್ಲಿ ತೊಟ್ಟಿ ನಮ್ಮ ಕೈ ಬಿಡಲಿಲ್ಲ. ಅದೇ ನೀರು ಸುತ್ತುವುದರಿಂದ ದಿನಕ್ಕೆ ಐದಾರು ಬಿಂದಿಗೆ, ಬಿರುಬೇಸಿಗೆಯಲ್ಲಿ ಹತ್ತು ಬಿಂದಿಗೆ ಸುರಿದರೆ ಸಾಕಾಗುತ್ತಿತ್ತು. ಆದರೆ ಬೋರಿನ ಗಡಸು ನೀರನ್ನೇ ಸುರಿದೂ ಸುರಿದೂ ಕ್ಷಾರ ಏರಿತು. ಹೊಸ ಎಲೆಗಳು ಹಳದಿಯಾದವು, ನರ ಮಾತ್ರ ಹಸಿರು. ಅದು ಕಬ್ಬಿಣದ ಕೊರತೆ. ಕ್ಷಾರ ಹೆಚ್ಚಾದರೆ ನೀರಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಗಿಡಕ್ಕೆ ಹಾಕುವ ಚೀಲೇಟೆಡ್ ಕಬ್ಬಿಣ ಒಂದಿಷ್ಟು ಹಾಕಿ ಸುಧಾರಿಸಿದೆವು. ಮಾಗಿಯ ಚಳಿಯಲ್ಲಿ ಮೀನು ಮೇವು ಕಮ್ಮಿ ಮಾಡಿದವು. ಹಾಕಿದ್ದು ಕಾಲು ಗಂಟೆಯಲ್ಲಿ ಖಾಲಿಯಾಗದಿದ್ದರೆ ಬಲೆಯಿಂದ ತೆಗೆದುಬಿಡಬೇಕೆಂದು ಆಗ ಕಲಿತೆವು.

ಇನ್ನು ಆ ರಾತ್ರಿಯ ವಿಷಯ. 2024ರ ಏಪ್ರಿಲ್. ಹಗಲೆಲ್ಲ ಬೆಂಕಿಯಂಥ ಬಿಸಿಲು. ಸಂಜೆ ಬಿರುಗಾಳಿಗೆ ಕಂಬ ಬಿದ್ದು ಕರೆಂಟು ಹೋಯಿತು. ಪಂಪೂ ಇಲ್ಲ, ಗಾಳಿ ಊದುವ ಯಂತ್ರವೂ ಇಲ್ಲ. ಬರುತ್ತೆ ಬರುತ್ತೆ ಅಂತ ಮಲಗಿಬಿಟ್ಟೆವು. ರಾತ್ರಿ ಎರಡು ಗಂಟೆಗೆ ಎದ್ದ ಒಬ್ಬರು ಟಾರ್ಚು ಬಿಟ್ಟು ನೋಡಿದರೆ, 96 ಮೀನೂ ನೀರಿನ ಮೇಲೆ ಬಾಯಿ ತೆರೆದು ಗುಟುಕು ಗುಟುಕಾಗಿ ಗಾಳಿ ಎಳೆಯುತ್ತಿದ್ದವು. ಬಾಗಿಲು ಬಡಿದು ಎಲ್ಲರನ್ನೂ ಎಬ್ಬಿಸಿದೆವು. ಬಿಂದಿಗೆಯಲ್ಲಿ ಮೊಗೆದು ಎತ್ತರದಿಂದ ಸುರಿಯುವುದು, ಮತ್ತೆ ಮೊಗೆಯುವುದು. ಗಂಡಸರು ಬಂದರು, ಪಿಯುಸಿ ಓದುವ ಹುಡುಗರು ಬಂದರು, ಮೀನು ಮುಟ್ಟದ ಮನೆಯವರೂ ಬಿಂದಿಗೆ ತಂದರು. ಬೆಳಕು ಹರಿಯುವವರೆಗೆ ಸುರಿದೆವು. ಆದರೂ 41 ಮೀನು ಹೋದವು.

ಬೆಳಿಗ್ಗೆ ತೊಟ್ಟಿಯ ಕಟ್ಟೆ ಮೇಲೆ ಕೂತು ಅತ್ತೆವು, ಸುಳ್ಳು ಹೇಳುವುದಿಲ್ಲ. ನಮ್ಮಲ್ಲೊಬ್ಬರು "ನನಗೆ ಸಾಕು ಕಣ್ರೇ" ಅಂತ ಅಂದೇ ಗುಂಪು ಬಿಟ್ಟರು. ಅವರ ಮೇಲೆ ನಮಗೆ ಸಿಟ್ಟಿಲ್ಲ, ಅವರ ಮನೆ ಕಷ್ಟ ಅವರಿಗೆ. ಉಳಿದ ನಾಲ್ವರು ಸಂಘದ ಕಚೇರಿಗೆ ಬಂದು, ಎರಡು ಕಂತಿಗೆ ವಾಯಿದೆ ಕೊಡಿ ಅಂತ ತಲೆ ತಗ್ಗಿಸಿ ಕೇಳಿದೆವು. ಆಗ ಅಧ್ಯಕ್ಷರು ಹೇಳಿದ ಮಾತು ನಾವು ಮರೆಯುವುದಿಲ್ಲ: "ಸಂಘ ಸಾಲ ಕೊಟ್ಟಿದ್ದು ಮೀನಿಗಲ್ಲಮ್ಮ, ನಿಮಗೆ. ವಾಯಿದೆ ತಗೊಳ್ಳಿ, ಆದರೆ ಯಾಕೆ ಹಿಂಗಾಯ್ತು ಅಂತ ಬರೆದು ತನ್ನಿ."

ಬರೆಯಲು ಕೂತಾಗ ಗೊತ್ತಾಯಿತು, ತಪ್ಪು ಬರೀ ಕರೆಂಟಿನದಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಮ್ಮಿ ನಿಲ್ಲುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯ ನೀರು ಏಳೂವರೆಯಷ್ಟೇ ಹಿಡಿಯುತ್ತದೆ. ನಮ್ಮ ತೊಟ್ಟಿಗೆ ನೆರಳಿರಲಿಲ್ಲ. ನೀರು ಪಾಚಿಯಿಂದ ಹಸಿರಾಗಿತ್ತು, ಆ ಪಾಚಿ ರಾತ್ರಿ ಹೊತ್ತು ತಾನೇ ಆಮ್ಲಜನಕ ಎಳೆಯುತ್ತದೆ. ಮೇಲಾಗಿ ಆ ಸಂಜೆ ಹೊಟ್ಟೆ ತುಂಬ ಫೀಡು ಹಾಕಿದ್ದೆವು. ತಿಂದ ಮೀನಿಗೆ ಉಸಿರು ಹೆಚ್ಚು ಬೇಕು. ಇಷ್ಟೆಲ್ಲ ಸೇರಿ ಕಾದು ಕೂತಿದ್ದವು, ಕರೆಂಟು ನೆಪವಾಯಿತು.

ಅಲ್ಲಿಂದ ತೊಟ್ಟಿಗೆ ತೆಂಗಿನ ಗರಿಯ ಚಪ್ಪರ ಹಾಕಿದೆವು. ಬ್ಯಾಟರಿಯಿಂದ ಓಡುವ ಗಾಳಿ ಯಂತ್ರ ತಂದೆವು. ಸಂಜೆಯ ಫೀಡು ನಿಲ್ಲಿಸಿದೆವು. ಮುಖ್ಯವಾಗಿ ಒಂದು ನೋಟು ಪುಸ್ತಕ ಇಟ್ಟೆವು. ದಿನವೂ ಹಾಕಿದ ಫೀಡು, ಸುರಿದ ನೀರು, ಸತ್ತ ಮೀನು, ಕಿತ್ತ ಸೊಪ್ಪು, ವಾರಕ್ಕೊಮ್ಮೆ ಪಿ.ಎಚ್. ಮತ್ತು ಅಮೋನಿಯ.

ಆ ಪುಸ್ತಕ ಅದೇ ವರ್ಷ ಮಳೆಗಾಲದಲ್ಲೇ ಕೈ ಹಿಡಿಯಿತು. 2024ರಲ್ಲಿ ಮಳೆ ಚೆನ್ನಾಗಿ ಆಯಿತು. ಸೂರಿನ ನೀರನ್ನು ತೊಟ್ಟಿಗೆ ತಿರುಗಿಸಿದೆವು, ಗಡಸುತನ ಇಳಿದು ಎಲೆ ಹಸಿರಾಯಿತು. ಆದರೆ ಪಿ.ಎಚ್. ಎಂಟರಿಂದ ಏಳಕ್ಕೆ, ಏಳರಿಂದ ಆರಕ್ಕೆ ಇಳಿಯುತ್ತಾ ಹೋದದ್ದು ಪುಸ್ತಕದಲ್ಲಿ ಕಂಡಿತು. ಮಳೆ ನೀರಲ್ಲಿ ಸುಣ್ಣದ ಅಂಶವಿಲ್ಲ. ಬ್ಯಾಕ್ಟೀರಿಯದ ಕೆಲಸವೂ ಇದ್ದ ಕ್ಷಾರವನ್ನು ತಿನ್ನುತ್ತದೆ. ಆರಕ್ಕಿಂತ ಕೆಳಗಿಳಿದರೆ ಆ ಕೆಲಸವೇ ಕುಂಟುತ್ತದೆ. ತೊಳೆದ ಕಪ್ಪೆಚಿಪ್ಪನ್ನು ಚೀಲದಲ್ಲಿ ಕಟ್ಟಿ ನೀರು ಬೀಳುವ ಕಡೆ ತೂಗುಹಾಕಿದೆವು, ಮೆಲ್ಲಗೆ ಏಳರ ಹತ್ತಿರ ಬಂತು. ಒಂದು ಮೀನೂ ಸಾಯಲಿಲ್ಲ. ತುಂಬಿ ಹರಿಯುವ ಕೊಳವೆಗೆ ಬಲೆ ಕಟ್ಟಿದ್ದರಿಂದ ಮೀನು ಚರಂಡಿ ಸೇರುವುದೂ ತಪ್ಪಿತು.

ಸದಸ್ಯ ಬಂಧುಗಳೆ, ಇದರಿಂದ ಲಾಭವೆಷ್ಟು ಅಂತ ಎಲ್ಲರೂ ಕೇಳುತ್ತಾರೆ. ನೇರವಾಗಿ ಹೇಳುತ್ತೇವೆ. ಇದರಿಂದ ಯಾರೂ ಸಾಹುಕಾರರಾಗುವುದಿಲ್ಲ. ನಾಲ್ಕು ಮನೆಗೆ ಸೊಪ್ಪು, ಪುದೀನ, ಬದನೆ ಕೊಳ್ಳುವುದು ತಪ್ಪಿದೆ. ಹಬ್ಬಕ್ಕೆ, ನೆಂಟರಿಗೆ ಮೀನಿದೆ. ಉಳಿದದ್ದು ಬೀದಿಯಲ್ಲೇ ಖರ್ಚಾಗುತ್ತದೆ. ಕರೆಂಟು ತಿಂಗಳಿಗೆ ಸುಮಾರು 40 ಯೂನಿಟ್ಟು, ಮೇಲೆ ಫೀಡಿನ ಖರ್ಚು. ತೊಟ್ಟಿಯ ಆದಾಯದ ಜೊತೆ ಹಾಲಿನ ದುಡ್ಡೂ ಸೇರಿಸಿ ಸಂಘದ ಸಾಲ ತೀರಿಸಿದ್ದೇವೆ. ತೊಟ್ಟಿಯೊಂದರಿಂದಲೇ ತೀರಿತು ಅಂದರೆ ಸುಳ್ಳಾಗುತ್ತದೆ.

ಮಾಡಬೇಕೆನ್ನುವವರಿಗೆ ನಮ್ಮ ಕೆಲವು ಮಾತು. ಮೊದಲು ಚಿಕ್ಕದಾಗಿ ಮಾಡಿ. ಇಪ್ಪತ್ತೇ ಮರಿ ಬಿಟ್ಟು ಆರು ವಾರ ಕಾಯಿರಿ, ಆಮೇಲೆ ಉಳಿದವು. ನಮ್ಮ ಮಡಿಯ ಜಲ್ಲಿ ಎರಡು ಬುಟ್ಟಿ ಒಯ್ಯಿರಿ, ಹೆಪ್ಪಿಗೆ ದುಡ್ಡಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2014ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ, ಸೊಪ್ಪಿನ ಮಡಿ ಒಂದು ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಫೀಡು ಲೆಕ್ಕ. ಮಡಿ ಎಷ್ಟಿದೆಯೋ ಅಷ್ಟಕ್ಕೇ ಮೀನು ಸಾಕಿ. ಗಿಡಕ್ಕೆ ಹುಳ ಬಿದ್ದರೆ ಔಷಧಿ ಹೊಡೆಯಬೇಡಿ, ಅದು ಮೀನಿಗೆ ಇಳಿಯುತ್ತದೆ. ಕೈಯಿಂದ ಆರಿಸಿ, ನೀರು ಚಿಮ್ಮಿಸಿ ತೊಳೆಯಿರಿ. ಕರೆಂಟು ಹೋದರೆ ಗತಿಯೇನು ಅನ್ನುವುದನ್ನು ಮೀನು ತರುವ ಮೊದಲೇ ಯೋಚಿಸಿ.

ಆಡಳಿತ ಮಂಡಳಿಗೂ ಒಂದು ವಿನಂತಿ. ಇಂಥ ಕೆಲಸಕ್ಕೆ ಸಾಲ ಕೊಡಿ, ಆದರೆ ಪೂರ್ತಿ ಒಮ್ಮೆಲೇ ಬೇಡ. ಅರ್ಧ ಮೊದಲು, ಉಳಿದರ್ಧ ಒಂದು ಬೇಸಿಗೆ ಒಂದು ಮಳೆಗಾಲ ದಾಟಿದ ಮೇಲೆ, ಅವರ ನೋಟು ಪುಸ್ತಕ ನೋಡಿ ಕೊಡಿ. ಹಾಗೆ ಕೊಟ್ಟಿದ್ದರೆ ನಾವೂ ಇಷ್ಟು ಕಳೆದುಕೊಳ್ಳುತ್ತಿರಲಿಲ್ಲ.

ತೊಟ್ಟಿಯೂ ಸಂಘದ ಹಾಗೆಯೇ. ಒಳಗೆ ಬಂದದ್ದಕ್ಕೆ, ಹೊರಗೆ ಹೋದದ್ದಕ್ಕೆ ದಿನದ ಲೆಕ್ಕ ಇರಬೇಕು. ಲೆಕ್ಕ ತಪ್ಪಿದ ದಿನವೇ ಏನೂ ಕಾಣುವುದಿಲ್ಲ, ಕಷ್ಟದ ರಾತ್ರಿ ಬಂದಾಗ ಕಾಣುತ್ತದೆ. ಆ ರಾತ್ರಿ ಬಿಂದಿಗೆ ತಂದವರೆಲ್ಲ ಇಲ್ಲೇ ಕೂತಿದ್ದೀರಿ. ನಿಮಗೆಲ್ಲ ಕೈ ಮುಗಿಯುತ್ತೇವೆ. ಊಟದ ನಂತರ ಬಿಡುವಿದ್ದವರು ಹಿತ್ತಲಿಗೆ ಬಂದು ತೊಟ್ಟಿ ನೋಡಿ ಹೋಗಿ.

ನಮ್ಮ ಸಂಘ ನೂರು ವರ್ಷ ಬಾಳಲಿ.