ತೋಟದ ನಾಯಿಯ ಕಲಿಕೆ: ಹೊಡೆತವಿಲ್ಲದ ಶಿಸ್ತಿನ ಆಶಯ

ಹುಳಿಯಾರು, ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ತೆಂಗಿನ ಸೀಮೆಯಲ್ಲಿ ನಾಯಿಯನ್ನು ಸಾಕುವುದು ಹೆಚ್ಚಾಗಿ ಕಾವಲಿಗಾಗಿ. ಊರಿಂದ ದೂರವಿರುವ ತೋಟದ ಮನೆ, ಉಂಡೆ ಕೊಬ್ಬರಿಗೆಂದು ತಿಂಗಳುಗಟ್ಟಲೆ ಅಟ್ಟದಲ್ಲಿ ಇರಿಸಿದ ಕಾಯಿ, ಕೊಟ್ಟಿಗೆಯ ಕುರಿಮೇಕೆ, ಇವೆಲ್ಲದರ ರಾತ್ರಿಯ ಹೊಣೆ ಅದರದು. ಇಷ್ಟು ಹೊಣೆ ಹೊತ್ತ ಪ್ರಾಣಿಗೆ ದೊರೆಯುವ ಶಿಕ್ಷಣ ಬಹುಮಟ್ಟಿಗೆ ಸರಪಳಿ ಮತ್ತು ಗದರಿಕೆಗೆ ಸೀಮಿತವಾಗಿರುವುದರಿಂದಲೂ, ಅಕ್ಕರೆಯಿಂದ ಕಲಿಸಿದರೆ ಕಾವಲು ಗುಣ ಕೆಡುತ್ತದೆಂಬ ನಂಬಿಕೆ ಗಟ್ಟಿಯಾಗಿ ಉಳಿದಿರುವುದರಿಂದಲೂ ನಾಯಿಯ ಕಲಿಕೆಯನ್ನು ಕುರಿತ ಈ ವಿಚಾರ ಸಂಕಿರಣ ಅಗತ್ಯವಾಗಿದೆ. ಆ ನಂಬಿಕೆ ತಪ್ಪು. ಕರೆದರೆ ಬಾರದ ನಾಯಿ ಕಾವಲಿಗೂ ಪೂರ್ಣವಾಗಿ ಒದಗುವುದಿಲ್ಲ.

ಪ್ರಾಣಿಯೊಂದು ಮಾಡಿದ ಕ್ರಿಯೆಯ ಬೆನ್ನಿಗೇ ಅದಕ್ಕೆ ಇಷ್ಟವಾದುದು ದೊರೆತರೆ ಆ ಕ್ರಿಯೆ ಮರುಕಳಿಸುತ್ತದೆ ಎಂಬುದನ್ನು ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಪ್ರಕಟಿಸಿದ ಬೆಕ್ಕುಗಳ ಪ್ರಯೋಗಗಳಿಂದ ತೋರಿಸಿದರು, ಬಿ.ಎಫ್. ಸ್ಕಿನ್ನರ್ 1938ರ ತಮ್ಮ ಗ್ರಂಥದಲ್ಲಿ ಅದನ್ನು ವಿಸ್ತಾರವಾಗಿ ಶಾಸ್ತ್ರಬದ್ಧಗೊಳಿಸಿದರು. ಹೀಗೆ ತಿನಿಸು, ಮೆಚ್ಚುಗೆ, ಆಟ ಮುಂತಾದುದನ್ನು ಕೊಟ್ಟು ಬೇಕಾದ ನಡತೆಯನ್ನು ಬಲಪಡಿಸುವ ಕ್ರಮಕ್ಕೆ ಧನಾತ್ಮಕ ಪುನರ್ಬಲನ ಎಂದು ಹೆಸರು. ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳನ್ನು ಗಮನಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವು, ನೋವು ಮತ್ತು ಬೆದರಿಕೆಯಿಂದ ಕಲಿತ ನಾಯಿಗಳಲ್ಲಿ ಒತ್ತಡದ ಲಕ್ಷಣಗಳು ಹೆಚ್ಚಿರುವುದನ್ನೂ, ತರಬೇತಿಯ ಬಳಿಕ ಅವುಗಳ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಏರುವುದನ್ನೂ ದಾಖಲಿಸಿದೆ.

ಪುನರ್ಬಲನ ಕ್ರಮದ ಜೀವಾಳವಿರುವುದು ಹೊತ್ತಿನಲ್ಲಿ. ನಾಯಿ ಕುಳಿತ ಒಂದೆರಡು ಕ್ಷಣದೊಳಗೆ ‘ಶಭಾಷ್’ ಎಂದು ಬೇಯಿಸಿದ ಮೊಟ್ಟೆಯ ಚೂರನ್ನೋ ಕೋಳಿಮಾಂಸದ ತುಣುಕನ್ನೋ ಕೊಟ್ಟರೆ ಕುಳಿತದ್ದಕ್ಕೇ ಅದು ಸಿಕ್ಕಿತೆಂದು ನಾಯಿಗೆ ತಿಳಿಯುತ್ತದೆ. ಅದು ಎದ್ದು ಬಾಲ ಅಲ್ಲಾಡಿಸುತ್ತ ಮೈಮೇಲೆ ಹಾರಿದ ಮೇಲೆ ಕೊಟ್ಟರೆ ಹಾರುವುದನ್ನೇ ಕಲಿಸಿದಂತಾಗುತ್ತದೆ. ಐದೈದು ನಿಮಿಷದ ಪಾಠ ದಿನಕ್ಕೆ ಎರಡು ಮೂರು ಬಾರಿ ನಡೆದರೆ ಸಾಕು. ಕಲಿಕೆ ನೆಲೆಗೊಂಡ ಬಳಿಕ ತಿನಿಸನ್ನು ಪ್ರತಿಸಲ ಕೊಡದೆ ಆಗೊಮ್ಮೆ ಈಗೊಮ್ಮೆ ಕೊಡಬಹುದು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್‌ಗಳು ನಾಯಿಗೆ ವಿಷವಾದುದರಿಂದ ಅವನ್ನು ಮುಟ್ಟಿಸಬಾರದು.

‘ಬಾ’, ‘ಕೂರು’, ‘ಇರು’, ‘ಬಿಡು’ ಎಂದು ನಾಯಿಗೆ ಕಲಿಸಬೇಕಾದ ನಾಲ್ಕು ಮಾತುಗಳಲ್ಲಿ ಮೊದಲನೆಯದೇ ಇಲ್ಲಿ ಹೆಚ್ಚು ಕೆಡುತ್ತಿರುವುದು. ದಿನವೂ ನಾಯಿಯನ್ನು ಕರೆದು, ಅದು ನಂಬಿ ಹತ್ತಿರ ಬಂದೊಡನೆ ಸರಪಳಿ ಬಿಗಿಯುವುದು, ಪಕ್ಕದ ತೋಟಕ್ಕೆ ಹೋಗಿದ್ದಕ್ಕೆ ಹೊಡೆಯುವುದು ಇವೆರಡೂ ‘ಬಾ’ ಎಂಬ ಮಾತನ್ನು ಕೇಡಿನ ಸೂಚನೆಯಾಗಿಸುತ್ತವೆ. ಹೊಡೆದವರ ದೃಷ್ಟಿಯಲ್ಲಿ ಅದು ಅಲೆದದ್ದಕ್ಕೆ ಕೊಟ್ಟ ಶಿಕ್ಷೆ, ನಾಯಿಯ ಅನುಭವದಲ್ಲಿ ಬಂದದ್ದಕ್ಕೆ ಸಿಕ್ಕ ಶಿಕ್ಷೆ. ಚಿರತೆ ಸುಳಿಯುವ ಗುಡ್ಡದಂಚಿನ ತೋಟಗಳಲ್ಲಿ, ಕತ್ತಲಾಗುವಾಗ ಕರೆಗೆ ಓಡಿಬರುವ ನಾಯಿಯೇ ಮನೆಯೊಳಗೆ ಸುರಕ್ಷಿತವಾಗಿ ಸೇರುವುದು. ಆದ್ದರಿಂದ ಕಟ್ಟುವ ಮುನ್ನವೂ ಒಂದು ತುತ್ತು ಮುದ್ದೆ ಕೊಡುವ, ಕೆಲವು ಸಲ ಕರೆದು ಮೈದಡವಿ ಮತ್ತೆ ಬಿಟ್ಟುಬಿಡುವ ರೂಢಿ ಬೇಕು. ಇಲಿಗೆಂದು ಅಟ್ಟದಲ್ಲಿ ಇಟ್ಟ ಪಾಷಾಣಕ್ಕೆ ಬಾಯಿ ಹಾಕುವ ಮೊದಲು ನಾಯಿಯನ್ನು ತಡೆಯುವುದು ‘ಬಿಡು’. ಕಾಯಿ ಕೀಳುವವರು ಬಂದಾಗ ಅವರ ಕಾಲಿಗೆ ಎರಗದಂತೆ ಉಳಿಸುವುದು ‘ಇರು’. ಮನೆಯವರೆಲ್ಲ ಒಂದೇ ಮಾತನ್ನು ಬಳಸದಿದ್ದರೆ ಈ ಶ್ರಮ ವ್ಯರ್ಥವಾಗುತ್ತದೆ.

ತಳಿಯ ವಿಚಾರವಾಗಿ ಹೆಚ್ಚು ಹೇಳಬೇಕಿಲ್ಲ. ಕರ್ನಾಟಕದ್ದೇ ಆದ ಮುಧೋಳ ನಾಯಿಯನ್ನು ಭಾರತೀಯ ಸೇನೆ 2016ರಲ್ಲಿ ಮೀರತ್‌ನ ತನ್ನ ಕೇಂದ್ರದಲ್ಲಿ ತರಬೇತಿಗೆ ತೆಗೆದುಕೊಂಡಿತು. ಆದರೆ ಪುನರ್ಬಲನದ ನಿಯಮ ಹುಳಿಯಾರಿನ ಬೀದಿಯಲ್ಲಿ ಹುಟ್ಟಿದ ಮರಿಗೂ ಅಷ್ಟೇ ಸಲ್ಲುತ್ತದೆ.

ನಾಯಿಯನ್ನು ಹೊಡೆದು ಹಿಂಸಿಸುವುದು, ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಬಿಗಿದಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಂತೆ ಅಪರಾಧ. ಕಾನೂನಿನ ಭಯಕ್ಕಿಂತ ತಿಳಿವಳಿಕೆ ಬೇಗ ಮನೆ ಮುಟ್ಟುತ್ತದೆಂಬ ಭರವಸೆಯಿಂದ, ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಲಸಿಕಾ ಶಿಬಿರಗಳಿಗೆ ನಾಯಿಯನ್ನು ಹಿಡಿದು ತರುವ ಪ್ರತಿಯೊಬ್ಬ ಒಡೆಯನಿಗೂ ‘ಬಾ’ ಎಂಬ ಒಂದು ಮಾತನ್ನು ಕಲಿಸುವ ಕ್ರಮವನ್ನು ಅಲ್ಲೇ ಮಾಡಿ ತೋರಿಸುವ ಯೋಜನೆಯನ್ನು ಈ ಸಭೆಯ ಪಶುವೈದ್ಯರು ಮತ್ತು ಅಧ್ಯಾಪಕರು ಕೈಗೆತ್ತಿಕೊಳ್ಳಬೇಕೆಂಬುದೇ ಸಂಕಿರಣದ ಕೋರಿಕೆ.